ಲೀಸ್ ಮನೆ ಅವಧಿ ಮುಗೀತಾ? ಕರಾರು ಮುಂದುವರಿಸುವ ಮುಂಚೆ ಇಷ್ಟು ನೋಡ್ಕೊಳ್ಳಿ

ಕುರುಬರಹಳ್ಳಿ: ಕುರುಬರಹಳ್ಳಿ ಸರ್ಕಲ್, ಕಮಲಾನಗರ, ಶಂಕರಮಠ, ಮಹಾಲಕ್ಷ್ಮಿ ಲೇಔಟ್ ಸುತ್ತಮುತ್ತ ‘ಲೀಸ್ ಮನೆ’ ಅಂದ್ರೆ ಗೊತ್ತಿಲ್ಲದವರು ಕಡಿಮೆ. ಒಂದೇ ಸಲ ಲಕ್ಷಗಟ್ಟಲೆ ಹಣ ಓನರ್‌ಗೆ ಕೊಡೋದು, ಎರಡು-ಮೂರು ವರ್ಷ ತಿಂಗಳ ಬಾಡಿಗೆ ಇಲ್ಲದೆ ವಾಸ ಮಾಡೋದು, ಖಾಲಿ ಮಾಡುವಾಗ ಅಷ್ಟೂ ಹಣ ವಾಪಸ್ ತಗೊಳ್ಳೋದು. ಹಳಬರು ಇದನ್ನೇ ‘ಭೋಗ್ಯಕ್ಕೆ ಹಾಕ್ಕೊಳ್ಳೋದು’ ಅಂತಾರೆ.

ಮೊದಲ ಸಲ ಮನೆ ಹಿಡಿಯುವಾಗ ಎಲ್ಲರೂ ಹುಷಾರಾಗಿರುತ್ತಾರೆ. ಖಾತಾ ನೋಡುತ್ತಾರೆ, ಕರೆಂಟ್ ಬಿಲ್ ನೋಡುತ್ತಾರೆ, ಪರಿಚಯದ ವಕೀಲರನ್ನು ಕೇಳುತ್ತಾರೆ. ಆದರೆ ಅವಧಿ ಮುಗಿದ ಮೇಲೆ? ‘ಇನ್ನೆರಡು ವರ್ಷ ಇರಿ, ನಮ್ಮ ನಿಮ್ಮ ಮಧ್ಯೆ ಏನಿದೆ’ ಅಂತ ಓನರ್ ಹೇಳ್ತಾರೆ. ಹಳೇ ಕರಾರಿನ ಹಿಂಬದಿಯಲ್ಲಿ ಎರಡು ಸಾಲು ಷರಾ ಬರೆದು ಇಬ್ಬರೂ ಸಹಿ ಹಾಕ್ತಾರೆ. ಎಷ್ಟೋ ಕಡೆ ಅದೂ ಇಲ್ಲ, ಬರೀ ಬಾಯಿ ಮಾತು.

ತೊಂದರೆ ಶುರುವಾಗೋದು ಇಲ್ಲೇ. ಲೀಸ್ ಮುಂದುವರಿಸೋದು ಅಂದ್ರೆ ನಿಮ್ಮ ಹಣವನ್ನ ಇವತ್ತಿನ ದಿನ ಅದೇ ಓನರ್ ಕೈಗೆ ಇನ್ನೊಂದು ಸಲ ಕೊಟ್ಟ ಹಾಗೆ. ಎರಡು ವರ್ಷದ ಹಿಂದೆ ಮನೆಯ ಪತ್ರ ಸರಿ ಇತ್ತು ಅನ್ನೋದು ಇವತ್ತಿಗೆ ಸಾಕ್ಷಿ ಆಗಲ್ಲ. ಈ ಮಧ್ಯೆ ಮನೆ ಮೇಲೆ ಸಾಲ ಬಂದಿರಬಹುದು, ಓನರ್ ತೀರಿಕೊಂಡಿರಬಹುದು, ಮನೆ ಮಾರಾಟ ಆಗಿರಬಹುದು. ಆದ್ದರಿಂದ ಮೊದಲ ಸಲ ಏನೇನು ನೋಡಿದ್ರೋ ಅಷ್ಟನ್ನೂ ಮತ್ತೆ ನೋಡಬೇಕು. ಹೇಗೆ ಅನ್ನೋ ಮಾಹಿತಿ ಇಲ್ಲಿದೆ.

ನಿಮ್ಮ ಹತ್ರ ಇರೋ ಪತ್ರ ಯಾವುದು?

ಮಾತಲ್ಲಿ ಲೀಸ್, ಭೋಗ್ಯ ಎರಡೂ ಒಂದೇ. ಕಾನೂನಿನಲ್ಲಿ ಬೇರೆ ಬೇರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 105ನೇ ಕಲಂನಲ್ಲಿ ಇರೋದು ಲೀಸ್, ಅಂದ್ರೆ ಗುತ್ತಿಗೆ: ಆಸ್ತಿಯನ್ನು ಇಷ್ಟು ಕಾಲ ಅನುಭವಿಸುವ ಹಕ್ಕು. ಅದೇ ಕಾಯ್ದೆಯ 58(ಡಿ) ಕಲಂನಲ್ಲಿ ಇರೋದು ಭೋಗ್ಯ ಅಡಮಾನ: ಓನರ್ ಸಾಲ ತಗೊಂಡು, ಸಾಲ ತೀರುವವರೆಗೆ ಮನೆಯನ್ನು ಸಾಲ ಕೊಟ್ಟವರ ಸ್ವಾಧೀನಕ್ಕೆ ಬಿಡೋದು.

ವ್ಯತ್ಯಾಸ ದೊಡ್ಡದು. ಭೋಗ್ಯ ಅಡಮಾನ ಆದರೆ ಹಣ ಕೈಗೆ ಬರುವವರೆಗೆ ಮನೆ ಬಿಡದೆ ಇರುವ ಹಕ್ಕು ಕಾನೂನಿನಿಂದಲೇ ಬರುತ್ತೆ. ಆದರೆ ಅಂಥ ಪತ್ರಕ್ಕೆ ಇಬ್ಬರು ಸಾಕ್ಷಿಗಳು ಬೇಕು, 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚಿನ ಸಾಲಕ್ಕೆ ನೋಂದಣಿ ಕಡ್ಡಾಯ. ಸ್ಟಾಂಪ್ ಸುಂಕವೂ ಲೀಸ್‌ಗಿಂತ ಬಹಳ ಜಾಸ್ತಿ. ಹಾಗಾಗಿ ಊರಲ್ಲಿ ಓಡಾಡೋ ಪತ್ರಗಳಲ್ಲಿ ಹೆಚ್ಚಿನವು ‘ಲೀಸ್ ಅಗ್ರಿಮೆಂಟ್’. ಅಂಥ ಪತ್ರದಲ್ಲಿ ‘ಪೂರ್ತಿ ಹಣ ವಾಪಸ್ ಕೊಟ್ಟ ದಿನವೇ ಮನೆ ಬಿಟ್ಟುಕೊಡುವುದು’ ಅಂತ ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಆ ಮಾತಿಗೆ ಬಲ.

ಇನ್ನೊಂದು ಗೊಂದಲ ಬಿಡಿಎ ಸೈಟುಗಳ ‘ಲೀಸ್ ಕಂ ಸೇಲ್’ ಪತ್ರ. ಅದು ಸೈಟು ಪಡೆದವರಿಗೂ ಪ್ರಾಧಿಕಾರಕ್ಕೂ ಇರುವ ಕರಾರು. ನಿಮ್ಮ ಮನೆ ಲೀಸ್‌ಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಓನರ್ ಹತ್ತಿರ ಶುದ್ಧ ಕ್ರಯಪತ್ರ ಇದೆಯಾ ಇಲ್ಲಾ ಲೀಸ್ ಕಂ ಸೇಲ್ ಪತ್ರ ಮಾತ್ರ ಇದೆಯಾ ಅಂತ ಕೇಳಿ ನೋಡೋದು ಒಳ್ಳೆಯದು.

ಬಾಯಿ ಮಾತಲ್ಲಿ ಮುಂದುವರಿದರೆ?

ಅವಧಿ ಮುಗಿದ ಮೇಲೂ ನೀವು ಮನೆಯಲ್ಲೇ ಇದ್ದು, ಓನರ್ ಅದಕ್ಕೆ ಒಪ್ಪಿದ್ದರೆ, ಕಾಯ್ದೆಯ 116ನೇ ಕಲಂ ಪ್ರಕಾರ ಕರಾರು ಮುಂದುವರಿದ ಹಾಗೆ. ಆದರೆ ಎಷ್ಟು ಕಾಲಕ್ಕೆ? ವಾಸದ ಮನೆಗೆ ಅದು ತಿಂಗಳಿಂದ ತಿಂಗಳಿಗೆ ಮಾತ್ರ. ಬೇರೆ ಒಪ್ಪಂದ ಇಲ್ಲದಿದ್ದರೆ 106ನೇ ಕಲಂ ಪ್ರಕಾರ 15 ದಿನದ ನೋಟಿಸ್ ಕೊಟ್ಟು ಬಿಡಿಸಬಹುದು.

ಓನರ್ ಬಾಯಲ್ಲಿ ಹೇಳಿದ್ದು ಎರಡು ವರ್ಷ. ಕಾನೂನು ಕೊಡೋದು 15 ದಿನ. ಮಕ್ಕಳ ಸ್ಕೂಲು ನಡುವರ್ಷದಲ್ಲಿ ಇರುವಾಗ ನೋಟಿಸ್ ಬಂದರೆ ಆಗೋ ಪಾಡು ಗೊತ್ತೇ ಇದೆ.

ಹಾಗಂತ ನೋಟಿಸ್ ಬಂದ ಕೂಡಲೇ ಸಾಮಾನು ಬೀದಿಗೆ ಹಾಕುವ ಹಾಗಿಲ್ಲ. ಬೀಗ ಒಡೆಯೋದು, ನೀರು-ಕರೆಂಟ್ ಕಟ್ ಮಾಡೋದು ಯಾವ ಓನರ್‌ಗೂ ಹಕ್ಕಲ್ಲ. ಬಿಡದವರನ್ನು ಬಿಡಿಸಬೇಕು ಅಂದ್ರೆ ಕೋರ್ಟ್ ಆದೇಶವೇ ಬೇಕು.

11 ತಿಂಗಳು ಮತ್ತು ನೋಟರಿ

ಎಲ್ಲಾ ಕರಾರುಗಳೂ 11 ತಿಂಗಳಿಗೇ ಯಾಕೆ? ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಯ ಗುತ್ತಿಗೆ ಪತ್ರ ನೋಂದಣಿ ಆಗಲೇಬೇಕು ಅಂತ ಆಸ್ತಿ ವರ್ಗಾವಣೆ ಕಾಯ್ದೆಯ 107ನೇ ಕಲಂ ಮತ್ತು 1908ರ ನೋಂದಣಿ ಕಾಯ್ದೆಯ 17ನೇ ಕಲಂ ಹೇಳುತ್ತೆ. 11 ತಿಂಗಳು ಅಂತ ಬರೆದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ಖರ್ಚು ಉಳಿಯುತ್ತೆ, ಅಷ್ಟೇ.

ತಿಂಗಳ ಬಾಡಿಗೆಯ ಮನೆಗೆ ಇದು ನಡೆದುಕೊಂಡು ಹೋಗುತ್ತೆ. ಆದರೆ 8-10 ಲಕ್ಷ ಕೊಟ್ಟು ಎರಡು-ಮೂರು ವರ್ಷಕ್ಕೆ ಅಂತ ಬರೆಸಿದ ಲೀಸ್ ಪತ್ರ ನೋಂದಣಿ ಆಗದಿದ್ದರೆ ಆ ಅವಧಿಯನ್ನು ಕೋರ್ಟಿನಲ್ಲಿ ಸಾಬೀತು ಮಾಡೋಕೆ ಆ ಪತ್ರ ನಡೆಯೋದಿಲ್ಲ. ಮುಂದುವರಿಸುವ ಪತ್ರಕ್ಕೂ ಇದೇ ನಿಯಮ. ಹಳೇ ಪತ್ರ ನೋಂದಣಿ ಆಗಿದ್ದರೂ, ಇನ್ನೆರಡು ವರ್ಷಕ್ಕೆ ಅಂತ ಬರೆಯುವ ಹೊಸ ಪತ್ರವನ್ನ ಬೇರೆಯಾಗಿ ನೋಂದಣಿ ಮಾಡಿಸಬೇಕು. ಹಿಂಬದಿಯ ಷರಾ ಸಾಲದು.

‘ನೋಟರಿ ಮಾಡಿಸಿದ್ದೀವಲ್ಲ’ ಅನ್ನೋರು ಬಹಳ ಜನ. ನೋಟರಿ ಬೇರೆ, ನೋಂದಣಿ ಬೇರೆ. ಸಹಿ ಹಾಕಿದ್ದು ಇವರೇ ಅನ್ನೋದಕ್ಕೆ ನೋಟರಿ ಸೀಲ್ ಉಪಯೋಗಕ್ಕೆ ಬರುತ್ತೆ. ಅದು ನೋಂದಣಿಯ ಜಾಗ ತುಂಬಲ್ಲ, ಇಸಿಯಲ್ಲೂ ಕಾಣಿಸಲ್ಲ.

ಸ್ಟಾಂಪ್ ವಿಷಯವೂ ಹಾಗೇ. ಎಷ್ಟು ಹಣದ ಕರಾರಿಗೂ ಒಂದೇ ಬೆಲೆಯ ಸ್ಟಾಂಪ್ ಪೇಪರ್ ಸಾಕು ಅನ್ನೋದು ತಪ್ಪು. 1957ರ ಕರ್ನಾಟಕ ಸ್ಟಾಂಪ್ ಕಾಯ್ದೆಯಲ್ಲಿ ಲೀಸ್‌ನ ಸುಂಕವನ್ನು ಅವಧಿ, ಬಾಡಿಗೆ ಮತ್ತು ಕೊಟ್ಟ ಅಡ್ವಾನ್ಸ್ ಸೇರಿಸಿ ಲೆಕ್ಕ ಹಾಕುತ್ತಾರೆ. ಸುಂಕ ಕಡಿಮೆ ಕಟ್ಟಿದ ಪತ್ರವನ್ನು ಕೋರ್ಟಿಗೆ ಕೊಟ್ಟರೆ, ಬಾಕಿ ಸುಂಕ ಮತ್ತು ಅದರ ಹತ್ತು ಪಟ್ಟಿನವರೆಗೆ ದಂಡ ಕಟ್ಟಿಸಿಕೊಂಡ ಮೇಲೆಯೇ ಅದನ್ನು ಸಾಕ್ಷಿಯಾಗಿ ತಗೊಳ್ಳೋದು. ಎಷ್ಟು ಬೀಳುತ್ತೆ ಅಂತ ಪತ್ರ ಬರೆಸುವ ಮುಂಚೆಯೇ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಕೇಳಿ.

ಮಧ್ಯದಲ್ಲಿ ಓನರ್ ಬ್ಯಾಂಕ್ ಸಾಲ ಮಾಡಿದ್ದರೆ

ಲೀಸ್ ಮುಂದುವರಿಸುವವರು ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು.

ಸಾಲ ಕಟ್ಟದಿದ್ದರೆ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕ್ 60 ದಿನದ ನೋಟಿಸ್ ಕೊಟ್ಟು, ಆಮೇಲೆ ಮನೆಯನ್ನು ವಶಕ್ಕೆ ತಗೊಂಡು ಹರಾಜು ಹಾಕಬಹುದು. ಆಗ ಒಳಗಿರೋ ಲೀಸ್‌ದಾರರ ಗತಿ ಏನು? 2014ರಲ್ಲಿ ಹರ್ಷದ್ ಗೋವರ್ಧನ್ ಸೋಂಡಗರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಉತ್ತರ ಕೊಟ್ಟಿದೆ. ಅಡಮಾನಕ್ಕೆ ಮುಂಚೆ ಕಾನೂನು ಪ್ರಕಾರ ಆದ ಗುತ್ತಿಗೆ ಇದ್ದರೆ, ಆ ಅವಧಿ ಮುಗಿಯುವವರೆಗೆ ರಕ್ಷಣೆ ಇದೆ. ಒಂದು ವರ್ಷ ಮೀರಿದ ಗುತ್ತಿಗೆ ಅಂತ ಹೇಳಿಕೊಳ್ಳೋರು ನೋಂದಣಿ ಆದ ಪತ್ರ ತೋರಿಸಬೇಕು.

‘ಅಡಮಾನಕ್ಕೆ ಮುಂಚೆ’ ಅನ್ನೋ ಮಾತನ್ನ ಗಮನಿಸಿ. ಒಂದು ಉದಾಹರಣೆ: 2022ರಲ್ಲಿ ಮೂರು ವರ್ಷಕ್ಕೆ ಲೀಸ್. 2024ರಲ್ಲಿ ಓನರ್ ಮನೆ ಪತ್ರ ಇಟ್ಟು ಬ್ಯಾಂಕ್ ಸಾಲ ತಗೊಂಡರು. 2025ರಲ್ಲಿ ನೀವು ಇನ್ನೆರಡು ವರ್ಷಕ್ಕೆ ಮುಂದುವರಿಸಿದಿರಿ. ಹಳೇ ಲೀಸ್ ಸಾಲಕ್ಕಿಂತ ಮುಂಚಿನದು. ಹೊಸ ಅವಧಿ ಸಾಲದ ನಂತರದ್ದು. ಅದೇ ಮನೆ, ಅದೇ ಹಣ, ಅದೇ ಓನರ್ ಇದ್ದರೂ ನಿಮ್ಮ ಜಾಗ ಬ್ಯಾಂಕಿನ ಹಿಂದೆ ಹೋಯ್ತು.

ಅಡಮಾನ ಇಟ್ಟ ಮೇಲೆ ಓನರ್ ಯಾವ ಥರದ ಲೀಸ್ ಕೊಡಬಹುದು ಅಂತಲೂ ಆಸ್ತಿ ವರ್ಗಾವಣೆ ಕಾಯ್ದೆಯ 65ಎ ಕಲಂ ಹೇಳುತ್ತೆ. ಅಡಮಾನ ಪತ್ರದಲ್ಲಿ ಬೇರೆ ಥರ ಬರೆಯದಿದ್ದರೆ, ಕಟ್ಟಡದ ಲೀಸ್ ಮೂರು ವರ್ಷ ಮೀರಬಾರದು, ಮುಂಗಡವಾಗಿ ಬಾಡಿಗೆ ಅಥವಾ ಇಡಿಗಂಟು ಪ್ರೀಮಿಯಂ ತಗೊಳ್ಳಬಾರದು, ಮುಂದುವರಿಸುವ ಷರತ್ತೂ ಇರಬಾರದು. ಲಕ್ಷಗಟ್ಟಲೆ ಹಣದ ಮೇಲೆ ನಿಂತಿರೋ ನಮ್ಮ ಲೀಸ್ ಪದ್ಧತಿಗೆ ಈ ನಿಯಮ ಹೊಂದೋದೇ ಕಷ್ಟ. ಆದ್ದರಿಂದ ಸಾಲ ಇರೋ ಮನೆಯ ಲೀಸ್ ಮುಂದುವರಿಸಲೇಬೇಕು ಅಂತಿದ್ದರೆ ಬ್ಯಾಂಕಿನ ಲಿಖಿತ ಒಪ್ಪಿಗೆ ಕೇಳಿ. ಬ್ಯಾಂಕ್ 60 ದಿನದ ನೋಟಿಸ್ ಕೊಟ್ಟ ಮೇಲಂತೂ ಅದರ ಒಪ್ಪಿಗೆ ಇಲ್ಲದೆ ಓನರ್ ಲೀಸ್ ಕೊಡುವ ಹಾಗೇ ಇಲ್ಲ.

ಇಸಿ ತೆಗೆಸೋದು ಎಲ್ಲಿ?

ಸಾಲ ಇದೆಯಾ ಇಲ್ವಾ ಅಂತ ನೋಡೋಕೆ ಮೊದಲ ದಾರಿ ಇಸಿ, ಅಂದ್ರೆ ಋಣಭಾರ ಪ್ರಮಾಣಪತ್ರ. ಕಾವೇರಿ 2.0 ಪೋರ್ಟಲ್‌ನಲ್ಲಿ ಲಾಗಿನ್ ಆಗಿ, ಆಸ್ತಿಯ ವಿವರ ಹಾಕಿ, ಶುಲ್ಕ ಕಟ್ಟಿದರೆ ಸಿಗುತ್ತೆ. ಓನರ್ ಅನುಮತಿ ಬೇಕಿಲ್ಲ, ಯಾರು ಬೇಕಾದರೂ ಕೇಳಬಹುದು. ವಹಿವಾಟು ಇದ್ದರೆ ನಮೂನೆ 15, ಏನೂ ಇಲ್ಲದಿದ್ದರೆ ನಮೂನೆ 16 ಬರುತ್ತೆ.

ಬೆಂಗಳೂರಿನಲ್ಲಿ ಐದು ನೋಂದಣಿ ಜಿಲ್ಲೆಗಳಿವೆ: ರಾಜಾಜಿನಗರ, ಗಾಂಧಿನಗರ, ಬಸವನಗುಡಿ, ಜಯನಗರ, ಶಿವಾಜಿನಗರ. ಓನರ್ ಕ್ರಯಪತ್ರದ ಮೇಲೆ ಯಾವ ಸಬ್ ರಿಜಿಸ್ಟ್ರಾರ್ ಆಫೀಸಿನ ಸೀಲ್ ಇದೆ ಅಂತ ನೋಡಿಕೊಂಡು ಅದನ್ನೇ ಆಯ್ಕೆ ಮಾಡಿ. ತಾರೀಕು ಹಾಕುವಾಗ ಮೊದಲ ಕರಾರಿಗಿಂತ ಹಿಂದಿನಿಂದ ಇವತ್ತಿನವರೆಗೆ ಹಾಕಿ. ಮೊದಲ ಸಲ ತೆಗೆಸಿದ ಇಸಿಯ ಜೆರಾಕ್ಸ್ ಉಪಯೋಗಕ್ಕೆ ಬರಲ್ಲ.

ಇಸಿಗೂ ಒಂದು ಮಿತಿ ಇದೆ. ನೋಂದಣಿ ಆದದ್ದು ಮಾತ್ರ ಅದರಲ್ಲಿ ಕಾಣುತ್ತೆ. ಓನರ್ ಬರೀ ಕ್ರಯಪತ್ರವನ್ನು ಬ್ಯಾಂಕಿನಲ್ಲಿ ಇಟ್ಟು ಸಾಲ ತಗೊಂಡು, ಅದನ್ನು ನೋಂದಣಿ ಮಾಡಿಸದಿದ್ದರೆ ಇಸಿ ಖಾಲಿ ಬರಬಹುದು. ಇದಕ್ಕೆ ಎರಡು ದಾರಿ. ಒಂದು, ಬ್ಯಾಂಕುಗಳು ಅಡಮಾನಗಳನ್ನು ದಾಖಲಿಸುವ ಕೇಂದ್ರದ ಸೆರ್ಸಾಯ್ ವೆಬ್‌ಸೈಟಿನಲ್ಲಿ ಸಣ್ಣ ಶುಲ್ಕ ಕಟ್ಟಿ ಹುಡುಕೋದು. ಎರಡು, ಅಸಲಿ ಕ್ರಯಪತ್ರ ತೋರಿಸಿ ಅಂತ ಓನರ್‌ನ ನೇರವಾಗಿ ಕೇಳೋದು. ‘ಬ್ಯಾಂಕ್ ಲಾಕರ್‌ನಲ್ಲಿದೆ’ ಅಂದರೆ ತಂದು ತೋರಿಸೋವರೆಗೆ ಸಹಿ ಬೇಡ. ಕಲರ್ ಜೆರಾಕ್ಸ್ ಅಸಲಿ ಅಲ್ಲ.

ಓನರ್ ಬದಲಾಗಿದ್ದರೆ, ಮಧ್ಯದವರು ಇದ್ದರೆ

ಓನರ್ ತೀರಿಕೊಂಡಿದ್ದರೆ: ದೊಡ್ಡ ಮಗ ಒಬ್ಬರ ಸಹಿ ಸಾಲದು. ಹೆಂಡತಿ, ಹೆಣ್ಣುಮಕ್ಕಳು ಸೇರಿ ಎಲ್ಲಾ ವಾರಸುದಾರರ ಸಹಿ ಬೇಕು. ವಂಶವೃಕ್ಷದ ಪ್ರತಿ ಇಟ್ಟುಕೊಳ್ಳಿ. ಜಿಪಿಎ ಹಿಡಿದವರು ಸಹಿ ಹಾಕಿ ಮನೆ ಕೊಟ್ಟಿದ್ದರೆ, ಸಾಮಾನ್ಯವಾಗಿ ಜಿಪಿಎ ಕೊಟ್ಟವರು ತೀರಿಕೊಂಡ ದಿನವೇ ಆ ಅಧಿಕಾರ ಮುಗಿಯುತ್ತೆ.

ಮನೆ ಮಾರಾಟ ಆಗಿದ್ದರೆ: ಹೊಸ ಓನರ್ ಜೊತೆ ಹೊಸ ಪತ್ರ ಆಗಬೇಕು. ನಿಮ್ಮ ಹಣ ವಾಪಸ್ ಕೊಡುವ ಜವಾಬ್ದಾರಿ ತನ್ನದು ಅಂತ ಹೊಸ ಓನರ್ ಒಪ್ಪಿದ ಸಾಲು, ಮೊತ್ತದ ಸಮೇತ ಅದರಲ್ಲಿ ಇರಲಿ. ಹಳೇ ಓನರ್ ಸಹಿಯೂ ಸಿಕ್ಕಿದರೆ ಒಳ್ಳೆಯದು.

ಮಧ್ಯದಲ್ಲಿ ಏಜೆನ್ಸಿ ಇದ್ದರೆ: ಓನರ್‌ನಿಂದ ತಿಂಗಳ ಬಾಡಿಗೆಗೆ ಮನೆ ಹಿಡಿದು, ಅದನ್ನೇ ಕುಟುಂಬಗಳಿಗೆ ಲಕ್ಷಗಟ್ಟಲೆ ಹಣಕ್ಕೆ ಲೀಸ್ ಕೊಡುವವರಿದ್ದಾರೆ. ನಾಲ್ಕಾರು ತಿಂಗಳು ಓನರ್‌ಗೆ ಬಾಡಿಗೆ ಕಟ್ಟಿ ಆಮೇಲೆ ನಿಲ್ಲಿಸಿದ ದೂರುಗಳು ಬೆಂಗಳೂರಿನಲ್ಲಿ ಪೊಲೀಸ್ ಠಾಣೆ ಮೆಟ್ಟಿಲೇರಿವೆ. ಆಗ ಓನರ್ ಹೇಳೋದು ಒಂದೇ: ‘ನಾನು ನಿಮ್ಮ ಹತ್ರ ಒಂದು ರೂಪಾಯಿ ತಗೊಂಡಿಲ್ಲ.’ ಏಜೆನ್ಸಿ ಜೊತೆ ಮುಂದುವರಿಸೋ ಮುಂಚೆ ಓನರ್‌ನ ಖುದ್ದಾಗಿ ಭೇಟಿ ಮಾಡಿ. ಏಜೆನ್ಸಿಗೆ ಓನರ್ ಕೊಟ್ಟ ಅವಧಿ ಇನ್ನೂ ಎಷ್ಟಿದೆ, ಲೀಸ್ ಕೊಡೋಕೆ ಅನುಮತಿ ಇದೆಯಾ ಅಂತ ಪತ್ರದಲ್ಲೇ ನೋಡಿ. ಓನರ್ ಸಹಿ ಇಲ್ಲದ ಪತ್ರಕ್ಕೆ ಹಣ ಕೊಡಬೇಡಿ.

‘ಇನ್ನೆರಡು ಲಕ್ಷ ಕೊಡಿ’ ಅಂದರೆ

ಮುಂದುವರಿಸುವಾಗ ಓನರ್ ಹೆಚ್ಚು ಹಣ ಕೇಳೋದು ಮಾಮೂಲು. ಲೀಸ್ ಮನೆಗೆ ಬಾಡಿಗೆ ಇಲ್ಲ ಅನ್ನೋದು ಪೂರ್ತಿ ನಿಜ ಅಲ್ಲ. ನಿಮ್ಮ ಹಣಕ್ಕೆ ಬರಬೇಕಿದ್ದ ಬಡ್ಡಿಯೇ ಬಾಡಿಗೆ. 10 ಲಕ್ಷಕ್ಕೆ ವರ್ಷಕ್ಕೆ ಶೇ 7 ಬಡ್ಡಿ ಅಂದುಕೊಂಡರೆ 70,000 ರೂ., ತಿಂಗಳಿಗೆ ಸುಮಾರು 5,800 ರೂ. ಅದೇ 12 ಲಕ್ಷ ಆದರೆ ತಿಂಗಳಿಗೆ 7,000 ರೂ. ಅದೇ ಬೀದಿಯಲ್ಲಿ ಅಂಥದ್ದೇ ಮನೆಗೆ ಬಾಡಿಗೆ ಎಷ್ಟಿದೆ ಅಂತ ಹೋಲಿಸಿ ನೋಡಿ. ಹಣವನ್ನು ಕೈಸಾಲ ಮಾಡಿ ಹೊಂದಿಸ್ತಿದ್ದರೆ ಆ ಸಾಲದ ಬಡ್ಡಿಯನ್ನೇ ಲೆಕ್ಕಕ್ಕೆ ಹಿಡಿಯಿರಿ.

ಹಣ ಬ್ಯಾಂಕ್ ಮೂಲಕವೇ ಹೋಗಲಿ. ಸಾಲ ಅಥವಾ ಠೇವಣಿಯಾಗಿ 20,000 ರೂ. ಮತ್ತು ಅದಕ್ಕಿಂತ ಹೆಚ್ಚು ಹಣವನ್ನು ನಗದಾಗಿ ತಗೊಳ್ಳೋಕೆ ಆದಾಯ ತೆರಿಗೆ ಕಾನೂನಿನಲ್ಲಿ ಅವಕಾಶ ಇಲ್ಲ. ‘ಪತ್ರದಲ್ಲಿ 5 ಲಕ್ಷ, ಕೈಯಲ್ಲಿ 5 ಲಕ್ಷ’ ಅನ್ನೋ ಮಾತಿಗೆ ಒಪ್ಪಿದರೆ ನಾಳೆ ಸಾಬೀತಾಗೋದು ಪತ್ರದ 5 ಲಕ್ಷ ಮಾತ್ರ.

ಹೊಸ ಪತ್ರದಲ್ಲಿ ಇರಬೇಕಾದ್ದು

* ಹಳೇ ಕರಾರಿನ ತಾರೀಕು, ಮತ್ತು ಅದರಲ್ಲಿ ಕೊಟ್ಟ ಪೂರ್ತಿ ಹಣ ಇನ್ನೂ ಓನರ್ ಹತ್ತಿರವೇ ಇದೆ ಅನ್ನೋ ಒಪ್ಪಿಗೆ
* ಈಗ ಹೆಚ್ಚಿಗೆ ಕೊಟ್ಟ ಹಣ, ಚೆಕ್ ಅಥವಾ ಆರ್‌ಟಿಜಿಎಸ್ ನಂಬರ್ ಸಮೇತ
* ಹೊಸ ಅವಧಿ ಶುರುವಾಗುವ ಮತ್ತು ಮುಗಿಯುವ ತಾರೀಕು
* ಮನೆ ಮೇಲೆ ಸಾಲ ಇಲ್ಲ, ಅವಧಿ ಮುಗಿಯುವವರೆಗೆ ಮಾಡುವುದಿಲ್ಲ ಅಂತ ಓನರ್ ಮಾತು. ಸಾಲ ಇದ್ದರೆ ಬ್ಯಾಂಕಿನ ಹೆಸರು ಮತ್ತು ಲಿಖಿತ ಒಪ್ಪಿಗೆ
* ಎಷ್ಟು ತಿಂಗಳು ಮುಂಚೆ ನೋಟಿಸ್ ಕೊಡಬೇಕು ಅನ್ನೋದು ಇಬ್ಬರಿಗೂ ಅನ್ವಯಿಸುವ ಹಾಗೆ
* ಹಣ ವಾಪಸ್ ಮತ್ತು ಬೀಗದ ಕೈ ಒಂದೇ ದಿನ; ತಡ ಆದರೆ ಬಡ್ಡಿ ಎಷ್ಟು
* ಬಣ್ಣ, ರಿಪೇರಿ ಖರ್ಚು ಯಾರದ್ದು, ಎಷ್ಟು ಹಿಡಿದುಕೊಳ್ಳಬಹುದು
* ಸ್ಟಾಂಪ್ ಮತ್ತು ನೋಂದಣಿ ಖರ್ಚು ಯಾರದ್ದು
* ಖಾತಾದಲ್ಲಿ ಯಾರ ಹೆಸರಿದೆಯೋ ಅವರೆಲ್ಲರ ಸಹಿ, ಇಬ್ಬರು ಸಾಕ್ಷಿಗಳು

ಪತ್ರ ಬರೆದ ದಿನದಿಂದ ನಾಲ್ಕು ತಿಂಗಳ ಒಳಗೆ ನೋಂದಣಿಗೆ ಹಾಜರುಪಡಿಸಬೇಕು. ನೋಂದಣಿ ಆದ ಮೇಲೆ ಇನ್ನೊಂದು ಇಸಿ ತೆಗೆಸಿ, ನಿಮ್ಮ ಲೀಸ್ ಅದರಲ್ಲಿ ಬಂದಿದೆಯಾ ಅಂತ ನೋಡಿಕೊಳ್ಳಿ.

ಅಂಗಡಿ ಮಳಿಗೆಯವರಿಗೆ

ಅಂಗಡಿ ಕರಾರಿಗೂ ನೋಂದಣಿ ನಿಯಮ ಇದೇ. ಅವಧಿ ಮುಗಿದ ಮೇಲೆ ಓನರ್ ಬಾಡಿಗೆ ತಗೊಳ್ತಾ ಇದ್ದರೆ ಅದು ಕೂಡ ತಿಂಗಳಿಂದ ತಿಂಗಳಿಗೆ, 15 ದಿನದ ನೋಟಿಸ್. ರ‍್ಯಾಕ್, ಶಟರ್, ಬೋರ್ಡ್ ಅಂತ ಲಕ್ಷಗಟ್ಟಲೆ ಹಾಕಿ ಗಿರಾಕಿ ಹಿಡಿದವರಿಗೆ ಇದು ಮನೆಯವರಿಗಿಂತ ದೊಡ್ಡ ಪೆಟ್ಟು.

ಬಾಡಿಗೆ ಕಾಯ್ದೆ ಕಾಪಾಡುತ್ತೆ ಅಂತ ನಂಬಿ ಕೂರಬೇಡಿ. 1999ರ ಕರ್ನಾಟಕ ಬಾಡಿಗೆ ಕಾಯ್ದೆ ವ್ಯಾಪಾರದ ಜಾಗಗಳ ಪೈಕಿ 14 ಚದರ ಮೀಟರ್, ಅಂದ್ರೆ ಸುಮಾರು 150 ಚದರ ಅಡಿ ಒಳಗಿನ ಮಳಿಗೆಗಳಿಗೆ ಮಾತ್ರ. ಅದರ ಜೊತೆಗೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂ. ಮೀರಿದ ಬಾಡಿಗೆಯ ಜಾಗಗಳು ಆ ಕಾಯ್ದೆಯ ಹೊರಗೆ. ಇವತ್ತಿನ ಬಾಡಿಗೆ ನೋಡಿದರೆ ಬಹುತೇಕ ಅಂಗಡಿಗೆ ಪತ್ರವೇ ರಕ್ಷಣೆ. ‘ಅವಧಿ ಮುಗಿದ ಮೇಲೆ ಇಷ್ಟು ವರ್ಷಕ್ಕೆ, ಬಾಡಿಗೆ ಶೇಕಡಾ ಇಷ್ಟು ಏರಿಸಿ ಮುಂದುವರಿಸುವ ಹಕ್ಕು ಬಾಡಿಗೆದಾರರಿಗೆ ಇದೆ’ ಅಂತ ಮೊದಲ ಪತ್ರದಲ್ಲೇ ಬರೆಸಿ. ಆ ಹಕ್ಕು ಬಳಸುವಾಗ ಅವಧಿ ಮುಗಿಯುವ ಮುಂಚೆಯೇ ಓನರ್‌ಗೆ ಲಿಖಿತವಾಗಿ ತಿಳಿಸಿ.

ಕೊರಿಯಾದಲ್ಲೂ ಇದೇ ಕಥೆ

ಇಡಿಗಂಟು ಕೊಟ್ಟು ಬಾಡಿಗೆ ಇಲ್ಲದೆ ಇರುವ ಪದ್ಧತಿ ದಕ್ಷಿಣ ಕೊರಿಯಾದಲ್ಲೂ ಇದೆ. ಅಲ್ಲಿ ಇದಕ್ಕೆ ‘ಜೋನ್ಸೆ’ ಅಂತಾರೆ. ಎರಡು ವರ್ಷದ ಕರಾರು ಸಾಮಾನ್ಯ. 2020ರಲ್ಲಿ ಬಂದ ನಿಯಮದಿಂದ, ಇನ್ನೆರಡು ವರ್ಷಕ್ಕೆ ಒಂದು ಸಲ ಮುಂದುವರಿಸಿ ಅಂತ ಕೇಳುವ ಹಕ್ಕು ಬಾಡಿಗೆದಾರರಿಗೆ ಸಿಕ್ಕಿತು. ಆಗ ಮೊತ್ತವನ್ನು ಶೇ 5ಕ್ಕಿಂತ ಹೆಚ್ಚು ಏರಿಸುವ ಹಾಗಿಲ್ಲ. ಆದರೂ ಮನೆ ಮೇಲೆ ಸಾಲ ಮಾಡಿ ಹಣ ವಾಪಸ್ ಕೊಡದ ಓನರ್‌ಗಳಿಂದ ಸಾವಿರಾರು ಕುಟುಂಬಗಳು ಕೈಸುಟ್ಟುಕೊಂಡವು. ಸರ್ಕಾರ 2023ರಲ್ಲಿ ಅಂಥವರಿಗಾಗಿಯೇ ವಿಶೇಷ ಕಾನೂನು ತಂದಿತು. ನಮ್ಮಲ್ಲಿ ಮುಂದುವರಿಸಿಕೊಳ್ಳುವ ಅಂಥ ಹಕ್ಕು ಇಲ್ಲ. ಪತ್ರದಲ್ಲಿ ಏನಿದೆಯೋ ಅದೇ.

ಹಣ ವಾಪಸ್ ಬರದಿದ್ದರೆ

ಪತ್ರ ನೋಂದಣಿ ಆಗಿಲ್ಲ ಅಂದ ಮಾತ್ರಕ್ಕೆ ಹಣ ಹೋಯ್ತು ಅಂತಲ್ಲ. ಅವಧಿ ಸಾಬೀತು ಮಾಡೋಕೆ ಆಗದಿದ್ದರೂ, ಹಣ ಕೊಟ್ಟಿದ್ದಕ್ಕೆ ಬ್ಯಾಂಕ್ ದಾಖಲೆ ಸಾಕ್ಷಿ. ಮೊದಲು ವಕೀಲರ ಮೂಲಕ ನೋಟಿಸ್ ಕೊಡಿಸಿ. ಹಣ ವಸೂಲಿ ದಾವೆಗೆ ಸಾಮಾನ್ಯವಾಗಿ ಮೂರು ವರ್ಷದ ಗಡುವು ಇದೆ, ‘ಮುಂದಿನ ತಿಂಗಳು ಕೊಡ್ತೀನಿ’ ಅನ್ನೋ ಮಾತಿನಲ್ಲೇ ಅದನ್ನು ಕಳೆಯಬೇಡಿ. ಓನರ್ ಟೈಮ್ ಕೇಳಿದರೆ ಬಾಕಿ ಎಷ್ಟು ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ.

ಶುರುವಿನಿಂದಲೇ ಮೋಸ ಮಾಡುವ ಉದ್ದೇಶ ಇತ್ತು ಅಂತಿದ್ದರೆ, ಉದಾಹರಣೆಗೆ ಒಂದೇ ಮನೆಯನ್ನು ಇಬ್ಬರಿಗೆ ಲೀಸ್ ಕೊಟ್ಟಿದ್ದರೆ ಅಥವಾ ಸುಳ್ಳು ಪತ್ರ ತೋರಿಸಿದ್ದರೆ, ಪೊಲೀಸ್ ದೂರು ಕೊಡಬಹುದು. ವಂಚನೆ ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂನಲ್ಲಿ ಬರುತ್ತೆ. ಬ್ಯಾಂಕ್ ಜಪ್ತಿಗೆ ಬಂದರೆ ಲೀಸ್‌ದಾರರು ತಮ್ಮ ಹಕ್ಕನ್ನು ಸಾಲ ವಸೂಲಾತಿ ನ್ಯಾಯಮಂಡಳಿಯ ಮುಂದೆ ಹೇಳಿಕೊಳ್ಳಬಹುದು.

ವಕೀಲರ ಫೀಸಿಗೆ ಹಣ ಇಲ್ಲ ಅನ್ನೋರು ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು. ಮಹಿಳೆಯರು, ಪರಿಶಿಷ್ಟ ಜಾತಿ-ಪಂಗಡದವರು ಮತ್ತು ನಿಗದಿತ ಮಿತಿಗಿಂತ ಕಡಿಮೆ ಆದಾಯದವರಿಗೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ. ಸಹಾಯವಾಣಿ ನಂಬರ್ 15100.

ಅವಧಿ ಮುಗಿಯೋಕೆ ಮೂರು ತಿಂಗಳು ಇರುವಾಗಲೇ ಇಸಿ ತೆಗೆಸಿ, ಓನರ್ ಜೊತೆ ಮಾತು ಶುರು ಮಾಡಿ. ಪತ್ರದಲ್ಲಿ ಏನಾದರೂ ಸರಿ ಇಲ್ಲ ಅಂತ ಕಂಡರೆ, ಬೇರೆ ಮನೆ ಹುಡುಕೋಕೆ, ಓನರ್‌ಗೂ ಹಣ ಹೊಂದಿಸೋಕೆ ಅಷ್ಟು ಟೈಮ್ ಬೇಕೇ ಬೇಕು.